ಪರಿಚಯದವರು ಯಾರೂ ಇಲ್ಲ, ಒಳ್ಳೆ ಕಾಲೇಜು ಸಿಗುತ್ತಾ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯವಳು. ಹತ್ತನೇ ತರಗತಿವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದೆ. ಈಗ ಸೆಕೆಂಡ್ ಪಿಯುಸಿ ಸೈನ್ಸ್. ಅಪ್ಪ ರೈತರು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಇಂಜಿನಿಯರಿಂಗ್ ಓದುವ ಆಸೆ ಇದೆ. ನನ್ನ ಕ್ಲಾಸಿನ ಬೇರೆಯವರಿಗೆ ಬೆಂಗಳೂರಿನಲ್ಲಿ ಮಾವ, ಅಣ್ಣ ಅಂತ ಯಾರಾದರೂ ಇದ್ದಾರೆ. ‘ಕಾಂಟ್ಯಾಕ್ಟ್ ಇಲ್ಲದೆ ಏನೂ ಆಗಲ್ಲ, ನೆಟ್‌ವರ್ಕ್ ಬೆಳೆಸ್ಕೋ’ ಅಂತಾರೆ. ಅಪ್ಪನಿಗೆ ಪರಿಚಯದ ಒಬ್ಬರು ‘ಕಾಲೇಜಿನವರು ನನಗೆ ಗೊತ್ತು, ಮುಂಗಡ ಕೊಟ್ಟರೆ ಸೀಟು ಮಾಡಿಸ್ತೀನಿ’ ಅಂದಿದ್ದಾರೆ. ನನಗೆ ಹೊಸಬರ ಹತ್ತಿರ ಮಾತಾಡೋಕೇ ಸಂಕೋಚ. ಏನು ಮಾಡಲಿ?

ಉತ್ತರ: ಮೊದಲು ಮುಂಗಡದ ಮಾತು ಮುಗಿಸೋಣ. ಇವತ್ತೇ ಅಪ್ಪನ ಹತ್ತಿರ ಕೂತು ಹೇಳಿ, ಆ ಮನುಷ್ಯನಿಗೆ ಒಂದು ರೂಪಾಯಿ ಕೂಡ ಕೊಡಬೇಡಿ ಅಂತ. ಆತ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ನಿಮಗೆ ಬೇಕಾದ ಸೀಟು ಅವರ ಕೈಯಲ್ಲಿ ಇಲ್ಲ, ಅಷ್ಟೇ. ಕಾಲೇಜಿನ ಪ್ರಿನ್ಸಿಪಾಲರ ಕೈಯಲ್ಲೂ ಇಲ್ಲ.

ಸರ್ಕಾರಿ ಕೋಟಾದ ಸೀಟು ಹೇಗೆ ಸಿಗುತ್ತದೆ ಅಂತ ಬಿಡಿಸಿ ಹೇಳುತ್ತೇನೆ. ಇಂಜಿನಿಯರಿಂಗ್‌ಗೆ ನಿಮ್ಮ ರ‍್ಯಾಂಕ್ ಬರುವುದು ಎರಡು ಕಡೆಯಿಂದ. ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕಗಳಿಂದ ಅರ್ಧ, ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯ ಅಂಕಗಳಿಂದ ಅರ್ಧ. ಆಮೇಲೆ ನೀವು ನಿಮಗೆ ಬೇಕಾದ ಕಾಲೇಜು ಮತ್ತು ಬ್ರಾಂಚ್‌ಗಳ ಪಟ್ಟಿಯನ್ನು ಕ್ರಮವಾಗಿ ತುಂಬುತ್ತೀರಿ. ಅದಕ್ಕೆ ಆಪ್ಷನ್ ಎಂಟ್ರಿ ಅನ್ನುತ್ತಾರೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕಂಪ್ಯೂಟರ್ ಒಂದನೇ ರ‍್ಯಾಂಕಿನಿಂದ ಶುರು ಮಾಡಿ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ಕೆಳಗೆ ನೋಡುತ್ತದೆ. ಯಾವ ಆಪ್ಷನ್‌ನಲ್ಲಿ ನಿಮ್ಮ ಪಾಲಿಗೆ ಸೀಟು ಉಳಿದಿದೆಯೋ ಅದು ನಿಮಗೆ. ನಡುವೆ ಯಾರದೋ ಫೋನ್ ಕರೆಗೆ ಜಾಗವೇ ಇಲ್ಲ.

ಹಾಗಾದರೆ ಊರ ಹಿರಿಯರು ‘ಯಾರಾದರೂ ಗೊತ್ತಿರಬೇಕು’ ಅನ್ನುವುದು ಯಾಕೆ? ಅವರದು ಹಳೆಯ ಕಾಲದ ನೆನಪು. ಒಂದು ಕಾಲದಲ್ಲಿ ನಮ್ಮ ರಾಜ್ಯದ ಖಾಸಗಿ ಕಾಲೇಜುಗಳು ಕ್ಯಾಪಿಟೇಷನ್ ಶುಲ್ಕಕ್ಕೆ, ಅಂದರೆ ಸೀಟು ಕೊಡಲು ನಿಗದಿತ ಶುಲ್ಕದ ಮೇಲೆ ವಸೂಲು ಮಾಡುವ ಹಣಕ್ಕೆ, ದೇಶದಲ್ಲೆಲ್ಲ ಹೆಸರಾಗಿದ್ದವು. ಅದನ್ನು ನಿಷೇಧಿಸಲು 1984ರಲ್ಲೇ ಕಾಯ್ದೆ ಬಂತು. ಆದರೂ ನಿಲ್ಲಲಿಲ್ಲ. ಉತ್ತರ ಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಇಲ್ಲಿನ ಮೆಡಿಕಲ್ ಸೀಟಿನ ವಿಷಯಕ್ಕೆ ಸುಪ್ರೀಂ ಕೋರ್ಟಿಗೆ ಹೋದರು. ಕ್ಯಾಪಿಟೇಷನ್ ಶುಲ್ಕ ತಪ್ಪು ಅಂತ 1992ರಲ್ಲಿ ತೀರ್ಪು ಬಂತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದ ತೀರ್ಪು, ಖಾಸಗಿ ಕಾಲೇಜುಗಳೂ ಮೆರಿಟ್ ಮೇಲೆ ಸೀಟು ಕೊಡಬೇಕು ಅಂತ. ಅದರ ಬೆನ್ನಿಗೆ 1994ರಿಂದ ನಮ್ಮಲ್ಲಿ ಸಿಇಟಿ ಶುರುವಾಯಿತು. ನಿಮ್ಮಂಥ ಸಾವಿರಾರು ಮಕ್ಕಳು ಯಾರ ಚೀಟಿಯೂ ಇಲ್ಲದೆ ಇಂಜಿನಿಯರ್, ಡಾಕ್ಟರ್ ಆದದ್ದು ಈ ವ್ಯವಸ್ಥೆಯಿಂದ. ಅದರಲ್ಲಿ ಕೊರತೆಗಳಿವೆ, ನಿಜ. ಆದರೂ ನನಗೆ ಅದರ ಮೇಲೆ ದೊಡ್ಡ ಗೌರವ ಇದೆ.

ಪರಿಚಯ ನಡೆಯುವ ಜಾಗವೂ ಒಂದಿದೆ, ಅದನ್ನು ಮುಚ್ಚಿಡಲಾರೆ. ಖಾಸಗಿ ಕಾಲೇಜುಗಳ ಸೀಟಿನಲ್ಲಿ ಒಂದು ಪಾಲು ಸಿಇಟಿಗೆ, ಒಂದು ಪಾಲು ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಕಾಮೆಡ್‌ಕೆ ಪರೀಕ್ಷೆಗೆ, ಉಳಿದದ್ದು ಮ್ಯಾನೇಜ್‌ಮೆಂಟ್‌ಗೆ ಹೋಗುತ್ತದೆ. ಮ್ಯಾನೇಜ್‌ಮೆಂಟ್ ಸೀಟಿನ ವಿಷಯದಲ್ಲಿ ಮಧ್ಯದವರು ಓಡಾಡುತ್ತಾರೆ. ಅಪ್ಪನಿಗೆ ಪರಿಚಯದವರು ಹೇಳುತ್ತಿರುವುದೂ ಬಹುಶಃ ಅದೇ. ಅಲ್ಲಿ ಕೇಳುವ ಹಣ ರೈತರ ಮನೆಯಿಂದ ಬರುವಂಥದ್ದಲ್ಲ, ಬಂದರೆ ಹೊಲ ಅಡವಿಟ್ಟೇ ಬರಬೇಕು. ನಿಮಗೆ ಆ ದಾರಿ ಬೇಡವೇ ಬೇಡ. ನಿಮ್ಮ ರ‍್ಯಾಂಕಿಗೆ ಅದಕ್ಕಿಂತ ಒಳ್ಳೆಯ ಸೀಟು ಸಿಗಬಹುದು. ಅದು ಮುಂದಿನ ಮಾತಿನಲ್ಲಿ ಗೊತ್ತಾಗುತ್ತದೆ.

ಈಗ ನಿಮ್ಮ ಗೆಳತಿಯರ ಮಾತಿಗೆ ಬರೋಣ. ಅವರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಬೆಂಗಳೂರಿನ ಮಾವ ಸೀಟು ಕೊಡಿಸುವುದಿಲ್ಲ. ಆದರೆ ಯಾವ ಸೀಟು ಕೇಳಬೇಕು ಅಂತ ಹೇಳಿಕೊಡುತ್ತಾರೆ. ಯಾವ ಕಾಲೇಜಿನ ಹಾಸ್ಟೆಲ್ ಹೇಗಿದೆ, ಯಾವ ಬ್ರಾಂಚಿನಲ್ಲಿ ಏನು ಕಲಿಸುತ್ತಾರೆ, ಯಾವ ಸರ್ಟಿಫಿಕೇಟ್ ಮೊದಲೇ ಮಾಡಿಸಿಟ್ಟುಕೊಳ್ಳಬೇಕು, ಇದೆಲ್ಲ ಊಟದ ಹೊತ್ತಿನ ಮಾತಿನಲ್ಲೇ ಆ ಮಕ್ಕಳ ಕಿವಿಗೆ ಬೀಳುತ್ತಿರುತ್ತದೆ. ನಿಮ್ಮ ಮನೆಯಲ್ಲಿ ಆ ಮಾತು ಆಡುವವರು ಇಲ್ಲ. ಇದು ಅನ್ಯಾಯ. ಒಂದೇ ರ‍್ಯಾಂಕ್ ಬಂದ ಇಬ್ಬರಲ್ಲಿ ಒಬ್ಬಳು ತನಗೆ ತಕ್ಕ ಕಾಲೇಜು ಸೇರುತ್ತಾಳೆ, ಇನ್ನೊಬ್ಬಳು ಹೆಸರು ಕೇಳಿದ ಯಾವುದೋ ಕಾಲೇಜು ಸೇರುತ್ತಾಳೆ. ಇಂಥದ್ದನ್ನು ವರ್ಷ ವರ್ಷವೂ ನೋಡುತ್ತೇನೆ, ಪ್ರತಿ ಸಲವೂ ಸಂಕಟವಾಗುತ್ತದೆ.

ನನ್ನದೇ ಕಥೆ ಹೇಳುತ್ತೇನೆ. ನಾನು ಸಿಇಟಿ ಬರೆದದ್ದು 1998ರಲ್ಲಿ. ಆಗ ಆಪ್ಷನ್ ಎಂಟ್ರಿ ಆನ್‌ಲೈನ್ ಇರಲಿಲ್ಲ. ಕೌನ್ಸೆಲಿಂಗ್‌ಗೆ ಬೆಂಗಳೂರಿಗೆ ಹೋಗಬೇಕಿತ್ತು. ರಾತ್ರಿ ಬಸ್ಸಿನಲ್ಲಿ ಅಪ್ಪನ ಜೊತೆ ಬಂದೆ. ಹಾಲ್‌ನಲ್ಲಿ ಪರದೆಯ ಮೇಲೆ ಕಾಲೇಜುಗಳ ಹೆಸರು, ಉಳಿದ ಸೀಟುಗಳ ಸಂಖ್ಯೆ ಕಾಣುತ್ತಿತ್ತು. ನಾವು ನೋಡುತ್ತಿದ್ದ ಹಾಗೆ ಸಂಖ್ಯೆ ಇಳಿಯುತ್ತಿತ್ತು. ನನ್ನ ಸರದಿ ಬಂದಾಗ ಒಂದೆರಡು ನಿಮಿಷದಲ್ಲಿ ಆರಿಸಬೇಕು. ನಾನು ಪೇಪರಿನಲ್ಲಿ ಜಾಹೀರಾತು ನೋಡಿದ್ದ ಒಂದು ಕಾಲೇಜಿನ ಹೆಸರು ಗಟ್ಟಿ ಮಾಡಿಕೊಂಡು ಬಂದಿದ್ದೆ. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಹುಡುಗ ಸುಮ್ನೆ ಕೇಳಿದ, ‘ಯಾವುದು ತಗೋತೀಯಾ?’ ಹೇಳಿದೆ. ಅವನ ಅಣ್ಣ ಅಲ್ಲೇ ಓದುತ್ತಿದ್ದನಂತೆ. ‘ಅಲ್ಲಿ ಹಾಸ್ಟೆಲ್ ಇಲ್ಲ, ರೂಮ್ ಮಾಡ್ಕೋಬೇಕು, ಖರ್ಚು ಜಾಸ್ತಿ. ನಿಮ್ಮಪ್ಪನಿಗೆ ಆಗುತ್ತಾ?’ ಅಂದ. ನಮಗೆ ಆಗುತ್ತಿರಲಿಲ್ಲ. ನಾನು ಸರ್ಕಾರಿ ಕಾಲೇಜೊಂದನ್ನು ತೆಗೆದುಕೊಂಡೆ. ಕ್ಯಾಂಪಸ್ಸಿನಲ್ಲೇ ಹಾಸ್ಟೆಲ್ ಇತ್ತು. ನಾಲ್ಕು ವರ್ಷ ಸಾಲ ಇಲ್ಲದೆ ಓದು ಮುಗಿಸಿದೆ. ಆ ಹುಡುಗನ ಹೆಸರು ಕೂಡ ನಾನು ಕೇಳಲಿಲ್ಲ. ಐದು ನಿಮಿಷದ ಮಾತು, ಅಷ್ಟೇ. ಆದರೆ ನನ್ನ ಬದುಕಿನಲ್ಲಿ ನೆಟ್‌ವರ್ಕಿಂಗ್ ಅಂತ ಏನಾದರೂ ಆಗಿದ್ದರೆ ಅದು ಅದೇ.

ಆ ಐದು ನಿಮಿಷ ನಿಮಗೆ ಆಕಸ್ಮಿಕವಾಗಿ ಸಿಗಲಿ ಅಂತ ಕಾಯಬೇಡಿ. ನೀವೇ ಹುಡುಕಿಕೊಳ್ಳಿ. ಸಂಕೋಚ ಅಂದಿರಿ. ಹಿಂದೆ ಧಾರವಾಡಕ್ಕೋ ಮೈಸೂರಿಗೋ ಓದಲು ಬಂದ ಬಡ ಹುಡುಗರು ವಾರಾನ್ನ ಮಾಡಿಕೊಂಡು ಓದಿದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಏಳು ಮನೆ ಬಾಗಿಲು ತಟ್ಟಿ ಊಟ ಕೇಳಿದವರು ಅವರು. ನೀವು ಕೇಳಬೇಕಿರುವುದು ಅನ್ನವೂ ಅಲ್ಲ, ಹಣವೂ ಅಲ್ಲ. ಓದುತ್ತಿರುವ ಒಬ್ಬ ಅಕ್ಕನ ಹದಿನೈದು ನಿಮಿಷ. ಕೇಳಿದರೆ ಹೆಚ್ಚಿನವರು ಖುಷಿಯಿಂದ ಕೊಡುತ್ತಾರೆ. ತಾವು ಓದುವ ಜಾಗದ ಬಗ್ಗೆ ಯಾರಾದರೂ ಆಸೆಯಿಂದ ಕೇಳಿದರೆ ಯಾರಿಗೆ ಬೇಜಾರಾಗುತ್ತದೆ ಹೇಳಿ?

ಶುರು ಮಾಡುವುದು ನಿಮ್ಮ ಪಿಯು ಕಾಲೇಜಿನಿಂದಲೇ. ಫಿಸಿಕ್ಸ್ ಅಥವಾ ಮ್ಯಾಥ್ಸ್ ಲೆಕ್ಚರರ್ ಹತ್ತಿರ ಹೋಗಿ. ‘ಸರ್, ಹೋದ ವರ್ಷ, ಅದರ ಹಿಂದಿನ ವರ್ಷ ನಮ್ಮ ಕಾಲೇಜಿನಿಂದ ಇಂಜಿನಿಯರಿಂಗ್‌ಗೆ ಹೋದವರು ಯಾರಿದ್ದಾರೆ? ಅವರನ್ನು ಕೇಳಿ, ಅವರು ಒಪ್ಪಿದರೆ ನಂಬರ್ ಕೊಡ್ತೀರಾ?’ ಅಂತ ಕೇಳಿ. ಇಂಥ ಮಕ್ಕಳ ಲೆಕ್ಕ ಮೇಷ್ಟ್ರಿಗೆ ಬಾಯಲ್ಲೇ ಇರುತ್ತದೆ. ಅದು ಅವರ ಹೆಮ್ಮೆ. ಊರಿನ ಹೈಸ್ಕೂಲ್ ಹೆಡ್‌ಮಾಸ್ಟರಿಗೂ ಗೊತ್ತಿರುತ್ತದೆ. ನಿಮ್ಮದೇ ಊರಿನ ಆಶಾ ಕಾರ್ಯಕರ್ತೆಯ ಮಗ ಎಲ್ಲೋ ಡಿಪ್ಲೊಮಾ ಮುಗಿಸಿ ಇಂಜಿನಿಯರಿಂಗ್ ಸೇರಿರಬಹುದು. ಯಾರೂ ಇಲ್ಲ ಅಂದುಕೊಳ್ಳುವ ಮನೆಗೂ ಎರಡು ಮೂರು ಹೆಜ್ಜೆಯಾಚೆ ಒಬ್ಬರು ಇದ್ದೇ ಇರುತ್ತಾರೆ.

ಎರಡನೆಯದು, ಕಣ್ಣಾರೆ ನೋಡುವುದು. ಹಾವೇರಿ ಹತ್ತಿರ ದೇವಗಿರಿಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇದೆ. ದಾವಣಗೆರೆಯಲ್ಲಿ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು ಇದೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಘಟಕ ಕಾಲೇಜು, 1951ರಷ್ಟು ಹಳೆಯದು. ಹುಬ್ಬಳ್ಳಿ, ಧಾರವಾಡದಲ್ಲೂ ಕಾಲೇಜುಗಳಿವೆ. ಕ್ಲಾಸು ನಡೆಯುವ ದಿನ ಹೋಗಿ, ಭಾನುವಾರ ಬೇಡ. ಕ್ಯಾಂಟೀನಿನಲ್ಲೋ ಲೈಬ್ರರಿ ಹೊರಗೋ ನಿಮ್ಮ ಕಡೆ ಮಾತಾಡುವ ಹುಡುಗಿಯರು ಸಿಗುತ್ತಾರೆ. ಮಾತಿನ ಧಾಟಿಯಲ್ಲೇ ಗೊತ್ತಾಗುತ್ತದೆ. ಅಪ್ಪ ಗೇಟಿನ ಹತ್ತಿರ ವಾಚ್‌ಮನ್ ಜೊತೆ ಮಾತಾಡಲಿ. ಬಸ್ಸು ಎಷ್ಟು ಹೊತ್ತಿನವರೆಗೆ ಇದೆ, ಹೆಣ್ಣುಮಕ್ಕಳ ಹಾಸ್ಟೆಲ್ ಎಷ್ಟು ದೂರ, ಇದನ್ನೆಲ್ಲ ವಾಚ್‌ಮನ್‌ಗಿಂತ ಚೆನ್ನಾಗಿ ಯಾರೂ ಹೇಳಲಾರರು.

ಫೋನಿನಲ್ಲಿ ಮಾತಾಡುವುದು ಕಷ್ಟ ಅನಿಸಿದರೆ ಮೊದಲು ಮೆಸೇಜ್ ಮಾಡಿ. ಇಂಗ್ಲಿಷ್ ಬೇಕಾಗಿಲ್ಲ. ಹೀಗೆ ಬರೆದರೆ ಸಾಕು:

‘ಅಕ್ಕ, ನಮಸ್ಕಾರ. ನಾನು ನೀವು ಓದಿದ ಪಿಯು ಕಾಲೇಜಿನಲ್ಲೇ ಸೆಕೆಂಡ್ ಪಿಯುಸಿ ಸೈನ್ಸ್ ಓದ್ತಿದ್ದೀನಿ. ಮ್ಯಾಥ್ಸ್ ಸರ್ ನಿಮ್ಮ ನಂಬರ್ ಕೊಟ್ಟರು. ನಾನೂ ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮಾಧ್ಯಮ. ನಿಮ್ಮ ಕಾಲೇಜು, ಬ್ರಾಂಚ್ ಬಗ್ಗೆ ನಾಲ್ಕು ಪ್ರಶ್ನೆ ಕೇಳಬೇಕಿತ್ತು. ಈ ವಾರ ನಿಮಗೆ ಬಿಡುವಿದ್ದಾಗ ಹದಿನೈದು ನಿಮಿಷ ಮಾತಾಡಬಹುದಾ? ಪರೀಕ್ಷೆ ಇದ್ದರೆ ಆಮೇಲೆ ಮಾಡ್ತೀನಿ.’

ಇದರಲ್ಲಿ ನೀವು ಯಾರು, ನಂಬರ್ ಯಾರು ಕೊಟ್ಟರು, ಏನು ಬೇಕು, ಎಷ್ಟು ಹೊತ್ತು ಬೇಕು ಎಲ್ಲ ಇದೆ. ಸುಮ್ನೆ ‘ಹಾಯ್ ಅಕ್ಕ’ ಅಂತ ಕಳಿಸಿ ಕಾದರೆ ಉತ್ತರ ಬರುವುದು ಕಡಿಮೆ. ಬರದಿದ್ದರೆ ಒಂದು ವಾರ ಬಿಟ್ಟು ಇನ್ನೊಂದು ಸಲ ಕೇಳಿ. ಆಗಲೂ ಬರದಿದ್ದರೆ ಬೇಜಾರು ಮಾಡಿಕೊಳ್ಳದೆ ಬೇರೆಯವರನ್ನು ಕೇಳಿ.

ಏನು ಕೇಳಬೇಕು ಅನ್ನುವುದು ಇದಕ್ಕಿಂತ ಮುಖ್ಯ. ‘ಕಾಲೇಜು ಚೆನ್ನಾಗಿದೆಯಾ?’ ಅಂತ ಕೇಳಿದರೆ ‘ಚೆನ್ನಾಗಿದೆ’ ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯಿತು. ಬದಲಿಗೆ ಕೇಳಿ: ಮೊದಲ ಸೆಮಿಸ್ಟರ್ ಮ್ಯಾಥ್ಸ್‌ನಲ್ಲಿ ನಿಮ್ಮ ಕ್ಲಾಸಿನಲ್ಲಿ ಎಷ್ಟು ಜನಕ್ಕೆ ಬ್ಯಾಕ್‌ಲಾಗ್ ಆಯಿತು, ಅಂದರೆ ಫೇಲಾಗಿ ಮತ್ತೆ ಬರೆಯಬೇಕಾಯಿತು? ಕನ್ನಡ ಮಾಧ್ಯಮದಿಂದ ಬಂದವರಿಗೆ ಯಾವ ವಿಷಯ ಕಷ್ಟವಾಯಿತು, ಹೇಗೆ ನಿಭಾಯಿಸಿದರು? ಕೆಇಎ ಶುಲ್ಕ ಕಟ್ಟಿದ ಮೇಲೆ ಕಾಲೇಜಿನವರು ಬೇರೆ ಏನೇನು ಹೆಸರಲ್ಲಿ ಹಣ ಕೇಳಿದರು? ಹಾಸ್ಟೆಲ್ ಫಸ್ಟ್ ಇಯರ್‌ನವರಿಗೆ ಸಿಗುತ್ತಾ? ಲ್ಯಾಬ್‌ನಲ್ಲಿ ನಿಮ್ಮ ಕೈಯಿಂದಲೇ ಪ್ರಯೋಗ ಮಾಡಿಸುತ್ತಾರಾ? ಕೆಲಸದ ವಿಷಯಕ್ಕೆ ಬಂದರೆ ‘ಹೈಯೆಸ್ಟ್ ಪ್ಯಾಕೇಜ್ ಎಷ್ಟು’ ಅಂತ ಕೇಳಬೇಡಿ. ಅದು ಒಬ್ಬರಿಗೆ ಸಿಕ್ಕಿದ್ದು, ಬ್ಯಾನರಿನಲ್ಲೇ ಇರುತ್ತದೆ. ‘ಹೋದ ವರ್ಷ ನಿಮ್ಮ ಬ್ರಾಂಚಿನಲ್ಲಿ ಕ್ಲಾಸಿನ ನಡುಮಟ್ಟದ ವಿದ್ಯಾರ್ಥಿಗೆ ಏನು ಸಿಕ್ಕಿತು?’ ಅಂತ ಕೇಳಿ. ಕೊನೆಗೆ ಒಂದು ಪ್ರಶ್ನೆ, ‘ನಿಮ್ಮ ತಂಗಿಯನ್ನು ಇಲ್ಲಿಗೆ ಸೇರಿಸ್ತೀರಾ?’ ಇದಕ್ಕೆ ಬರುವ ಉತ್ತರಕ್ಕಿಂತ ಉತ್ತರದ ಮೊದಲಿನ ಮೌನವನ್ನು ಗಮನಿಸಿ.

ಒಬ್ಬರ ಮಾತನ್ನೇ ನಂಬಿ ನಿರ್ಧಾರ ಮಾಡಬೇಡಿ. ಒಂದು ಕಾಲೇಜಿಗೆ ಮೂವರನ್ನಾದರೂ ಕೇಳಿ. ಒಬ್ಬರು ಫಸ್ಟ್ ಇಯರ್‌ನವರು, ಒಬ್ಬರು ಫೈನಲ್ ಇಯರ್‌ನವರು, ಒಬ್ಬರು ಮುಗಿಸಿ ಎರಡು ಮೂರು ವರ್ಷವಾದವರು. ಮುಗಿಸಿದವರನ್ನು ಹುಡುಕಲು ಲಿಂಕ್ಡ್‌ಇನ್ ಅನ್ನುವ ಉದ್ಯೋಗಿಗಳ ಜಾಲತಾಣ ಒಳ್ಳೆಯದು. ಅಲ್ಲಿ ಕಾಲೇಜಿನ ಹೆಸರು ಹಾಕಿದರೆ ಅಲ್ಲಿ ಓದಿದವರು ಈಗ ಎಲ್ಲಿ ಏನು ಮಾಡುತ್ತಿದ್ದಾರೆ ಅಂತ ಕಾಣುತ್ತದೆ. ಆದರೆ ನೀವು ಈಗಲೇ ಅಲ್ಲಿ ದಿನಾ ಬರೆಯಬೇಕು, ನೂರಾರು ಜನರನ್ನು ಸೇರಿಸಿಕೊಳ್ಳಬೇಕು ಅಂತೇನಿಲ್ಲ. ಪಿಯುಸಿ ಓದುವಾಗ ಆ ಹೊತ್ತು ಮ್ಯಾಥ್ಸ್‌ಗೆ ಹೋಗಲಿ.

ಇನ್ನು ಜನರಿಂದ ಕೇಳಿದ್ದನ್ನು ದಾಖಲೆಯ ಜೊತೆ ಇಟ್ಟು ನೋಡಬೇಕು. ಕೆಇಎ ವೆಬ್‌ಸೈಟಿನಲ್ಲಿ ಹಿಂದಿನ ವರ್ಷಗಳ ಕಟ್‌ಆಫ್ ರ‍್ಯಾಂಕ್ ಇರುತ್ತದೆ, ರೌಂಡ್ ಪ್ರಕಾರ, ವರ್ಗದ ಪ್ರಕಾರ. ಯಾವ ರ‍್ಯಾಂಕಿನವರೆಗೆ ಸೀಟು ಸಿಕ್ಕಿತ್ತು ಅನ್ನುವುದೇ ಕಟ್‌ಆಫ್. ಇಲ್ಲಿ ನಿಮಗೆ ಒಂದು ವಿಷಯ ಒತ್ತಿ ಹೇಳಬೇಕು. ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹಳ್ಳಿಯಲ್ಲಿ ಓದಿದವರಿಗೆ 15 ಶೇಕಡಾ ಗ್ರಾಮೀಣ ಮೀಸಲಾತಿ ಇದೆ. ಪೂರ್ತಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5 ಶೇಕಡಾ. ನೀವು ಎರಡಕ್ಕೂ ಹೊಂದುವ ಹಾಗೆ ಕಾಣುತ್ತದೆ. ಕಟ್‌ಆಫ್ ಪಟ್ಟಿಯಲ್ಲಿ ನಿಮ್ಮ ವರ್ಗದ ಮುಂದೆ ಜಿ, ಕೆ, ಆರ್ ಅಂತ ಮೂರು ಕಾಲಂ ಇರುತ್ತವೆ. ಜಿ ಅಂದರೆ ಸಾಮಾನ್ಯ, ಕೆ ಅಂದರೆ ಕನ್ನಡ ಮಾಧ್ಯಮ, ಆರ್ ಅಂದರೆ ಗ್ರಾಮೀಣ. ಬೆಂಗಳೂರಿನಲ್ಲಿ ಓದಿದ ಮಾವನಿಗೆ ಈ ಕಾಲಂಗಳು ಕಣ್ಣಿಗೇ ಬಿದ್ದಿರುವುದಿಲ್ಲ. ಅವರು ಜನರಲ್ ಮೆರಿಟ್ ಕಟ್‌ಆಫ್ ನೋಡಿ ‘ನಿನಗೆ ಸಿಗಲ್ಲ ಬಿಡು’ ಅಂದುಬಿಡುತ್ತಾರೆ. ಹಾಗೆ ಹೇಳಿಸಿಕೊಂಡು ಒಳ್ಳೆಯ ಕಾಲೇಜಿನ ಹೆಸರನ್ನೇ ಪಟ್ಟಿಯಿಂದ ತೆಗೆದ ಮಕ್ಕಳನ್ನು ನಾನು ಕಂಡಿದ್ದೇನೆ. ಜೊತೆಗೆ ಎಸ್‌ಎನ್‌ಕ್ಯೂ ಅಂತ ಕೇಳಿ ತಿಳಿದುಕೊಳ್ಳಿ. ಕುಟುಂಬದ ವರ್ಷದ ಆದಾಯ 8 ಲಕ್ಷಕ್ಕಿಂತ ಕಡಿಮೆ ಇರುವವರಿಗೆ ಇರುವ ಹೆಚ್ಚುವರಿ 5 ಶೇಕಡಾ ಸೀಟು ಅದು. ಅದರಲ್ಲಿ ಬೋಧನಾ ಶುಲ್ಕ ಇರುವುದಿಲ್ಲ.

ಕಾಂಟ್ಯಾಕ್ಟ್ ಇದ್ದವರೂ ತಪ್ಪು ಹೇಳುತ್ತಾರೆ ಅನ್ನುವುದಕ್ಕೆ ಇನ್ನೊಂದು ಉದಾಹರಣೆ. ‘ದೊಡ್ಡ ಕಾಲೇಜನ್ನು ಮೇಲೆ ಹಾಕಿದರೆ ಆಪ್ಷನ್ ವೇಸ್ಟ್ ಆಗುತ್ತೆ, ಸಿಗುವುದನ್ನೇ ಮೊದಲು ಹಾಕು’ ಅಂತ ಬಹಳ ಜನ ಹೇಳುತ್ತಾರೆ. ಇದು ಪೂರ್ತಿ ತಪ್ಪು. ಮೇಲಿನ ಆಪ್ಷನ್ ಸಿಗದಿದ್ದರೆ ಕಂಪ್ಯೂಟರ್ ಮುಂದಿನದಕ್ಕೆ ಹೋಗುತ್ತದೆ, ನಿಮಗೆ ಏನೂ ನಷ್ಟವಿಲ್ಲ. ಆದರೆ ಸಿಗುವುದನ್ನು ಮೇಲೆ ಹಾಕಿ, ಅದು ಸಿಕ್ಕಿಬಿಟ್ಟರೆ ಅದರ ಕೆಳಗಿನದ್ದೆಲ್ಲ ಹೋಯಿತು. ಆದ್ದರಿಂದ ನಿಜವಾಗಿ ಎಲ್ಲಿ ಓದುವ ಆಸೆ ಇದೆಯೋ ಅದೇ ಕ್ರಮದಲ್ಲಿ ಬರೆಯಿರಿ. ಜಾಸ್ತಿ ಆಪ್ಷನ್ ಹಾಕಿ. ಮಾಕ್ ಅಲಾಟ್‌ಮೆಂಟ್, ಅಂದರೆ ಅಣಕು ಸೀಟು ಹಂಚಿಕೆ, ಬಂದ ಮೇಲೆ ಕ್ರಮ ಬದಲಿಸಲು ಅವಕಾಶ ಕೊಡುತ್ತಾರೆ. ನೀವು ಮಾತಾಡಿದ ಅಕ್ಕಂದಿರಿಗೆ ಆಗ ಇನ್ನೊಂದು ಸಲ ಫೋನ್ ಮಾಡಿ. ಇಷ್ಟು ಹೊತ್ತಿಗೆ ಅವರಿಗೂ ನಿಮ್ಮ ಸೀಟಿನ ಬಗ್ಗೆ ಕಾಳಜಿ ಬಂದಿರುತ್ತದೆ.

ಇನ್ನು ನನ್ನನ್ನು ಹೆಚ್ಚು ಹೆದರಿಸುವ ವಿಷಯ. ನಿಮ್ಮ ಕೆಇಎ ಲಾಗಿನ್, ಪಾಸ್‌ವರ್ಡ್, ಒಟಿಪಿ ಯಾರಿಗೂ ಕೊಡಬೇಡಿ. ‘ನಾನೇ ಎಲ್ಲ ತುಂಬ್ತೀನಿ’ ಅನ್ನುವ ಸಂಬಂಧಿಕರಿಗೂ ಬೇಡ. 2024ರಲ್ಲಿ ಇಂಜಿನಿಯರಿಂಗ್ ಸೀಟ್ ಬ್ಲಾಕಿಂಗ್ ಪ್ರಕರಣ ಬಯಲಿಗೆ ಬಂತು. ವಿದ್ಯಾರ್ಥಿಗಳ ಲಾಗಿನ್ ಬಳಸಿ ಬೇಡಿಕೆಯ ಸೀಟುಗಳನ್ನು ಹಿಡಿದಿಡುವುದು, ಆಮೇಲೆ ಸೇರದೆ ಖಾಲಿ ಬಿಡುವುದು, ಇದು ಆ ಮೋಸದ ರೀತಿ. ಕೆಇಎ ದೂರು ಕೊಟ್ಟಿತು, ಬಂಧನಗಳಾದವು. ಸೈಬರ್ ಸೆಂಟರಿಗೆ ಹೋಗಬೇಕಾದರೆ ಹೋಗಿ, ತಪ್ಪಿಲ್ಲ. ಆದರೆ ಅರ್ಜಿಯಲ್ಲಿ ಸೆಂಟರಿನವರ ನಂಬರ್ ಹಾಕಲು ಬಿಡಬೇಡಿ. ನಿಮ್ಮದೋ ಅಪ್ಪನದೋ ನಂಬರ್ ಇರಲಿ. ಪಾಸ್‌ವರ್ಡ್ ನೀವೇ ಒತ್ತಿ. ಹೊರಡುವ ಮೊದಲು ಲಾಗ್‌ಔಟ್ ಆಗಿದೆಯಾ ನೋಡಿ.

ಕಾಗದಪತ್ರದ ಕೆಲಸ ಈಗಲೇ ಶುರು ಮಾಡಿ. ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಬೇಕು, ಅದರಲ್ಲಿರುವ ಆರ್‌ಡಿ ನಂಬರನ್ನು ಅರ್ಜಿಯಲ್ಲಿ ಕೇಳುತ್ತಾರೆ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ವ್ಯಾಸಂಗ ಪತ್ರಕ್ಕೆ ಹೆಡ್‌ಮಾಸ್ಟರ್ ಸಹಿ ಆದ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕಾಗುತ್ತದೆ. ಶಾಲೆಯ ದಾಖಲೆಯಲ್ಲಿ, ಆಧಾರಿನಲ್ಲಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರು ಒಂದೇ ಥರ ಇದೆಯಾ ನೋಡಿಕೊಳ್ಳಿ. ಒಂದಕ್ಷರ ಹೆಚ್ಚುಕಡಿಮೆ ಆಗಿದ್ದಕ್ಕೆ ಕೊನೆಯ ದಿನ ಬಿಸಿಲಲ್ಲಿ ಆಫೀಸಿನಿಂದ ಆಫೀಸಿಗೆ ಅಲೆದ ಅಪ್ಪಂದಿರನ್ನು ನೋಡಿದ್ದೇನೆ. ಇಲ್ಲೂ ಪರಿಚಯ ಉಪಯೋಗಕ್ಕೆ ಬರುತ್ತದೆ. ಹೋದ ವರ್ಷ ಇದೆಲ್ಲ ಮಾಡಿಸಿದ ಮನೆಯವರನ್ನು ಕೇಳಿ, ಯಾವ ಪತ್ರಕ್ಕೆ ಎಷ್ಟು ದಿನ ಹಿಡಿಯಿತು ಅಂತ. ನಿಯಮಗಳಲ್ಲಿ ಪ್ರತಿ ವರ್ಷ ಏನಾದರೂ ಸಣ್ಣ ಬದಲಾವಣೆ ಇರುತ್ತದೆ, ಹಾಗಾಗಿ ಆ ವರ್ಷದ ಕೆಇಎ ಮಾಹಿತಿ ಪುಸ್ತಕವನ್ನು ನೀವೇ ಒಂದು ಸಲ ಪೂರ್ತಿ ಓದಿ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಒಂದು ಪುಟಕ್ಕೆ ಒಂದು ಕಾಲೇಜು. ಯಾರ ಜೊತೆ ಯಾವತ್ತು ಮಾತಾಡಿದಿರಿ, ಏನು ಹೇಳಿದರು, ಕಟ್‌ಆಫ್ ಎಷ್ಟಿತ್ತು, ಮನೆಯಿಂದ ಎಷ್ಟು ದೂರ, ಅಷ್ಟು ಬರೆಯಿರಿ. ಅಪ್ಪನಿಗೂ ಓದಿ ಹೇಳಿ. ಯಾರದೋ ಮಾತು ನಂಬಿ ಮುಂಗಡ ಕೊಡಲು ಹೊರಟ ಅಪ್ಪನಿಗೆ ಮಗಳು ಇಷ್ಟು ವಿಚಾರಿಸಿದ್ದಾಳೆ ಅಂತ ಗೊತ್ತಾದರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ದೇವಗಿರಿಗೆ ಮೊದಲ ಸಲ ಹೋಗುವಾಗ ಒಬ್ಬರೇ ಹೋಗಬೇಡಿ, ಕ್ಲಾಸಿನ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿ. ಸಂಕೋಚ ಇಬ್ಬರಿಗೆ ಹಂಚಿಹೋಗುತ್ತದೆ. ಮೊದಲ ಪ್ರಶ್ನೆ ಅವಳು ಕೇಳಲಿ, ಎರಡನೆಯದು ನೀವು.